ಅಣುವಿದ್ಯುತ್ ಸ್ಥಾವರದ ಹಿರಿಯ ಸಹೋದ್ಯೋಗಿ ತೀರಿಕೊಂಡಾಗ ನುಡಿನಮನದಲ್ಲಿ ಏನು ಹೇಳಬೇಕು?

ಅಣುವಿದ್ಯುತ್ ಸ್ಥಾವರದಲ್ಲಿ ನಿಮ್ಮ ಪಾಳಿಯ ಮುಖ್ಯಸ್ಥರಾಗಿದ್ದ ಹಿರಿಯರು ತೀರಿಕೊಂಡಿದ್ದಾರೆ, ಮಂಗಳೂರಿನಲ್ಲಿ ನಡೆಯುವ ಉತ್ತರಕ್ರಿಯೆಯ ದಿನ ಸಹೋದ್ಯೋಗಿಗಳ ಪರವಾಗಿ ನುಡಿನಮನ ಸಲ್ಲಿಸಲು ನಿಮಗೆ ಹೇಳಿದ್ದಾರೆ, ಆದರೆ ಆ ಕೆಲಸದ ಗಂಧಗಾಳಿ ಇಲ್ಲದ ಬಂಧುಬಳಗದ ಮುಂದೆ ಏನು ಮಾತನಾಡಬೇಕೆಂದು ತೋಚುತ್ತಿಲ್ಲ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ಉಡುಪಿಯ ಒಂದು ಸಭಾಭವನದಲ್ಲಿ ಇದೇ ಹೊಣೆ ನನ್ನ ಮೇಲೆ ಬಿದ್ದಿತ್ತು. ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ನಾನು ಹದಿಮೂರು ವರ್ಷ, ಆಗ ತೀರಿಕೊಂಡಿದ್ದ ಆ ಹಿರಿಯರ ಕೈಕೆಳಗೆ ಕೆಲಸ ಮಾಡಿದ್ದೆ. ಮನೆಯವರ ಅನುಮತಿ ಕೇಳಿಲ್ಲವಾದ್ದರಿಂದ ಹೆಸರು ಬರೆಯುವುದಿಲ್ಲ.

ಮೊದಲ ಮಾತು, ಗುಣವಾಚಕಗಳನ್ನು ಬಿಟ್ಟುಬಿಡಿ. ‘ಸರಳ, ಸಜ್ಜನ, ಕರ್ತವ್ಯನಿಷ್ಠ’ ಎಂಬ ಮೂರು ಪದಗಳು ನಮ್ಮ ಜಿಲ್ಲೆಯ ಪ್ರತಿಯೊಂದು ಬೊಜ್ಜದ (ಉತ್ತರಕ್ರಿಯೆಯ) ದಿನವೂ ಕೇಳಿಬರುತ್ತವೆ, ಕೇಳಿದವರ ಮನಸ್ಸಿನಲ್ಲಿ ಮನುಷ್ಯನ ಮುಖ ಮಾತ್ರ ಮೂಡುವುದಿಲ್ಲ. ಅವರು ಪ್ರತಿದಿನ ಮಾಡುತ್ತಿದ್ದ ಒಂದು ಕೆಲಸವನ್ನು ಕಣ್ಣಿಗೆ ಕಟ್ಟುವಂತೆ ಹೇಳಿ. ನಮ್ಮವರು ಪಾಳಿ ಶುರುವಾಗುವ ಅರ್ಧ ಗಂಟೆ ಮೊದಲೇ ಕಂಟ್ರೋಲ್ ರೂಮಿಗೆ ಬಂದು, ಹಿಂದಿನ ಪಾಳಿಯವರ ಲಾಗ್ ಬುಕ್ಕನ್ನು ಬೆರಳಿಟ್ಟು ಸಾಲುಸಾಲಾಗಿ ಓದುತ್ತಿದ್ದರು. ‘ವಾಲ್ವ್ ಮುಚ್ಚಿದೆ ಸರ್’ ಎಂದು ನಾವು ವರದಿ ಒಪ್ಪಿಸಿದರೆ, ಅವರ ಬಾಯಿಂದ ಬರುತ್ತಿದ್ದುದು ತುಳುವಿನ ಒಂದೇ ಪದ: ‘ತೂಯರಾ?’ ನೀವೇ ನೋಡಿದಿರಾ ಎಂದು. ಪ್ಯಾನೆಲಿನ ದೀಪ ಹೇಳಿದ್ದು ಬೇರೆ, ಹೋಗಿ ಕಣ್ಣಾರೆ ಕಂಡದ್ದು ಬೇರೆ ಎಂಬುದನ್ನು ಅವರು ಹೊಸಬರಿಗೂ ಬಹುವಚನದಲ್ಲೇ, ದನಿ ಏರಿಸದೆ ಕಲಿಸಿದರು. ಒಮ್ಮೆ ನಾನು ‘ಇಲ್ಲ ಸರ್’ ಎಂದಾಗ ಅವರೂ ನನ್ನ ಜೊತೆ ಎದ್ದು ಬಂದರು. ರಿಯಾಕ್ಟರಿನಲ್ಲಿ ಬಳಸುವ ಭಾರಜಲದ (ಹೆವಿ ವಾಟರ್) ಪೈಪಿನ ಒಂದು ಜೋಡಣೆಯ ಕೆಳಗೆ ಮಂಡಿಯೂರಿ, ಕಿಸೆಯ ಚಿಕ್ಕ ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿ, ಅಲ್ಲಿ ಹನಿ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಎದ್ದರು. ಸಭೆಯಲ್ಲಿ ಇದನ್ನು ಹೇಳಿದಾಗ ಹಿಂದಿನ ಸಾಲಿನಲ್ಲಿದ್ದ ನಮ್ಮ ಪಾಳಿಯವರೆಲ್ಲ ಒಟ್ಟಿಗೆ ‘ತೂಯರಾ’ ಎಂದರು. ಅವರ ಮಗ ಆ ಪದವನ್ನು ಮನೆಯಲ್ಲಿಯೂ ಕೇಳುತ್ತಿದ್ದೆನೆಂದು ತಲೆಯಾಡಿಸಿದರು.

ಎರಡನೆಯದಾಗಿ, ಕೆಲಸದ ಒಂದು ಸಂಗತಿಯನ್ನಾದರೂ ಮನೆಯವರಿಗೆ ಅರ್ಥವಾಗುವಂತೆ ವಿವರಿಸಿ. ಅದು ಅವರಿಗೆ ಸಲ್ಲಬೇಕಾದ ಋಣವೆಂದು ನಾನು ಬಲವಾಗಿ ನಂಬುತ್ತೇನೆ, ಏಕೆಂದರೆ ರಾತ್ರಿಪಾಳಿಯ ಕಷ್ಟವನ್ನು ಅವರು ಅನುಭವಿಸಿದ್ದರು, ಕಾರಣ ಮಾತ್ರ ಅವರಿಗೆ ತಿಳಿದಿರಲಿಲ್ಲ. ಸಭೆಯ ಹಿಂದಿನ ದಿನ ಅವರ ಮನೆಗೆ ಹೋಗಿದ್ದಾಗ ಅವರ ಪತ್ನಿ (ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತೇವೆ) ಹಳೆಯ ನೋವೊಂದನ್ನು ತೋಡಿಕೊಂಡರು. ನಿರ್ವಹಣೆಗಾಗಿ ಮೊದಲೇ ನಿಗದಿ ಮಾಡಿ ಘಟಕವನ್ನು ನಿಲ್ಲಿಸಿದ್ದ ಒಂದು ವರ್ಷ, ಚೌತಿಗೆ ಊರಿಗೆ ಬರುತ್ತೇನೆಂದಿದ್ದವರು ಬರಲೇ ಇಲ್ಲ. ‘ಮೆಷಿನ್ ನಿಲ್ಲಿಸಿಯಾಗಿದೆ ಅಂತ ಇವರೇ ಹೇಳಿದ್ರು. ನಿಂತ ಮೆಷಿನ್ ಹತ್ರ ಕೂತು ಏನು ಮಾಡ್ಲಿಕ್ಕುಂಟು?’ ಎಂದರು.

ಮರುದಿನ ನಾನು ಬರೆದುಕೊಂಡಿದ್ದ ಭಾಷಣದ ಅರ್ಧವನ್ನು ಕೈಬಿಟ್ಟು ಅದಕ್ಕೇ ಉತ್ತರ ಕೊಟ್ಟೆ. ಬಚ್ಚಲ ಒಲೆಯಿಂದ ಕೊಳ್ಳಿಗಳನ್ನೆಲ್ಲ ಹೊರಗೆಳೆದ ಮೇಲೂ ಕೆಂಡದ ಕಾವಿಗೆ ಹಂಡೆಯ ನೀರು ಬಹಳ ಹೊತ್ತು ಕಾಯುತ್ತಲೇ ಇರುತ್ತದೆಯಲ್ಲವೇ? ಕೈಗಾದ ಒಂದು ಘಟಕ 220 ಮೆಗಾವ್ಯಾಟ್ ವಿದ್ಯುತ್ ಕೊಡುತ್ತದೆ, ಅದಕ್ಕಾಗಿ ರಿಯಾಕ್ಟರಿನಲ್ಲಿ ಹುಟ್ಟುವ ಶಾಖ ಅದರ ಮೂರು ಪಟ್ಟಿಗೂ ಹೆಚ್ಚು. ರಿಯಾಕ್ಟರನ್ನು ನಿಲ್ಲಿಸುವ ಸರಳುಗಳು ಇಳಿದು ಯುರೇನಿಯಂ ವಿದಳನ, ಅಂದರೆ ಪರಮಾಣುಗಳು ಒಡೆಯುವುದು, ನಿಂತ ಕ್ಷಣದಲ್ಲಿಯೂ ಆ ಶಾಖದ ಸುಮಾರು ಶೇಕಡಾ 6ರಷ್ಟು ಉಳಿದಿರುತ್ತದೆ, ಏಕೆಂದರೆ ವಿದಳನದಿಂದ ಹುಟ್ಟಿದ ವಸ್ತುಗಳು ತಾವಾಗಿ ಕ್ಷಯಿಸುತ್ತ ಬಿಸಿಯನ್ನು ಬಿಡುತ್ತಲೇ ಇರುತ್ತವೆ. ಒಂದು ದಿನ ಕಳೆದರೆ ಅದು ಶೇಕಡಾ 1ಕ್ಕಿಂತ ಕೆಳಗಿಳಿಯುತ್ತದೆ, ಆದರೆ ಸೊನ್ನೆಯಾಗುವುದಿಲ್ಲ. ಒಲೆಯ ಕೆಂಡಕ್ಕಾದರೆ ನೀರು ಚಿಮುಕಿಸಿ ಆರಿಸಬಹುದು. ಈ ಕೆಂಡವನ್ನು ಆರಿಸಲು ಬರುವುದಿಲ್ಲ, ಪಂಪುಗಳು ನಿಲ್ಲದಂತೆ ನೋಡಿಕೊಂಡು ಅದರ ಬಿಸಿಯನ್ನು ಸಾಗಿಸುತ್ತ ಕಾಯಬೇಕು. ಆ ಚೌತಿಯ ರಾತ್ರಿ ಅವರು ಕೆಂಡ ಕಾಯುತ್ತಿದ್ದರು ಎಂದು ನಾನು ಹೇಳಿದಾಗ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸ್ಥಾವರದ ಸಾಧನೆಗಳನ್ನು ಹೇಳುವುದಾದರೆ ಅವರ ಮೂಲಕವೇ ಹೇಳಿ. ಕೈಗಾದ ಮೊದಲನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಘಟಕವನ್ನು ನಿಲ್ಲಿಸದೆಯೇ ಇಂಧನ ಬದಲಿಸಬಹುದಾದ ಭಾರಜಲ ರಿಯಾಕ್ಟರ್ ಆದ್ದರಿಂದಲೇ ಅಷ್ಟು ದೀರ್ಘ ಓಟ ಸಾಧ್ಯ. ಆಗ ಅವರು ನಿವೃತ್ತರಾಗಿ ಉಡುಪಿಯಲ್ಲಿದ್ದರು. ಸಂತೋಷದಿಂದ ಫೋನ್ ಮಾಡಿದ ನನ್ನನ್ನು ಅವರು ಕೇಳಿದ್ದು, ‘ನಿಲ್ಲಿಸಿದ ಮೇಲೆ ಕೂಲಿಂಗ್ ಎಲ್ಲ ಸರಿ ಉಂಟಲ್ವಾ?’ ಎಂದು.

ಗುತ್ತಿಗೆ ಕೆಲಸಗಾರರಿಗೆ ತಪ್ಪದೆ ಸುದ್ದಿ ಮುಟ್ಟಿಸಿ. ಅಧಿಕಾರಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಅವರಿರುವುದಿಲ್ಲ. ಮಲ್ಲಾಪುರದ ಕಡೆಯ ಹಿರಿಯರೊಬ್ಬರು ಯಾರಿಂದಲೋ ತಿಳಿದು, ಕಾರವಾರದಿಂದ ರೈಲು ಹಿಡಿದು ಬಂದಿದ್ದರು. ಮೈಕ್ ಬೇಡವೆಂದರೂ ಒತ್ತಾಯಿಸಿದ ಮೇಲೆ, ‘ಸಾಹೇಬ್ರು ನಮ್ಮನ್ನ ಒಳಗೆ ಬಿಡೋ ಮುಂಚೆ ಎದೆ ಮೇಲಿನ ಬ್ಯಾಜ್ ತಾವೇ ನೋಡ್ತಿದ್ರು, ಟೈಮಾಯ್ತು ಅಂದ್ರೆ ಕೆಲಸ ಅರ್ಧ ಇದ್ರೂ ಹೊರಗೆ ಕರೀತಿದ್ರು’ ಎಂದಷ್ಟೇ ಹೇಳಿ ಕೂತರು. ವಿಕಿರಣದ ಪ್ರಮಾಣವನ್ನು ದಾಖಲಿಸುವ ಆ ಟಿಎಲ್‌ಡಿ ಬ್ಯಾಜಿನ ಮಹತ್ವವನ್ನು ನನ್ನ ಇಡೀ ಭಾಷಣಕ್ಕಿಂತ ಆ ಒಂದು ಮಾತು ಚೆನ್ನಾಗಿ ತಿಳಿಸಿತು.

ಇನ್ನೊಂದು ಸೂಕ್ಷ್ಮ ವಿಷಯವಿದೆ. ‘ವಿಕಿರಣದಿಂದಲೇ ಹೋದರಂತೆ’ ಎಂಬ ಪಿಸುಮಾತು ಊಟದ ಪಂಕ್ತಿಯಲ್ಲಿ ಕೇಳಿಬರುವ ಸಂಭವವಿದೆ. ನಮ್ಮಲ್ಲೂ ಬಂದಿತ್ತು, ಆದರೆ ಅವರು ತೀರಿಕೊಂಡದ್ದು ಹೃದಯಾಘಾತದಿಂದ. ವೇದಿಕೆಯಿಂದ ಅದಕ್ಕೆ ವಾದ ಹೂಡಬೇಡಿ. ಯಾರಾದರೂ ನೇರವಾಗಿ ಕೇಳಿದರೆ ಮಾತ್ರ, ಸಿಬ್ಬಂದಿಗೆ ಐದು ವರ್ಷಗಳಲ್ಲಿ ಒಟ್ಟು 100 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮೀರಬಾರದೆಂಬ ಮಿತಿ ನಮ್ಮ ದೇಶದಲ್ಲಿದೆಯೆಂದೂ, ಪ್ರತಿಯೊಬ್ಬರ ಲೆಕ್ಕವೂ ದಾಖಲಾಗಿರುತ್ತದೆಯೆಂದೂ ಸಮಾಧಾನದಿಂದ ತಿಳಿಸಿ. ಮನೆಯವರ ಕಿವಿಗೆ ಆ ಪಿಸುಮಾತು ಬೀಳುವ ಮೊದಲೇ ಅವರ ಮಗನ ಜೊತೆ ಮಾತನಾಡಿಟ್ಟುಕೊಳ್ಳುವುದು ಒಳ್ಳೆಯದು.

ನುಡಿನಮನ ಊಟಕ್ಕೆ ಮೊದಲು ಇರುವುದರಿಂದ ಏಳೆಂಟು ನಿಮಿಷ ಮೀರದಿರಲಿ. ಗಂಟಲು ಕಟ್ಟುವ ಸಾಧ್ಯತೆ ಇರುವುದರಿಂದ ಬರೆದುಕೊಂಡೇ ಓದಿ, ಓದಿದ ಹಾಳೆಯನ್ನು ಮನೆಯವರಿಗೆ ಕೊಟ್ಟುಬನ್ನಿ. ನನ್ನದನ್ನು ಅಕ್ಕ ತಾವಾಗಿ ಕೇಳಿ ಪಡೆದರು. ವರ್ಷಾಂತಿಕಕ್ಕೆ ಹೋದಾಗ ನೋಡಿದರೆ, ಹಂಡೆಯ ಭಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದಿತ್ತು. ಮೊಮ್ಮಗಳು ಅದನ್ನು ಶಾಲೆಯಲ್ಲಿ ಓದಲು ಒಯ್ದಿದ್ದಳಂತೆ.