ನೀವು ಕೇಳಿದಿರಿ: ಡಿಎನ್‌ಎ ನಕಲಿನ ತಲೆ–ಬಾಲದ ತಾಪತ್ರಯ

ಬ್ಯಾಕ್ಟೀರಿಯಾ ಮತ್ತು ಅವುಗಳಿಗೆ ತಗಲುವ ವೈರಸ್‌ಗಳಾದ ಫೇಜ್‌ಗಳ ಬಗ್ಗೆ ದಾವಣಗೆರೆ, ಚಿತ್ರದುರ್ಗ ಕಡೆಯ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಇ. ಕೋಲಿ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ ಅಂತಾರೆ. ಅದರ ಡಿಎನ್‌ಎ ನಕಲಾಗಲು 40 ನಿಮಿಷ ಬೇಕು ಅಂತಲೂ ಅಂತಾರೆ. ಮಕ್ಕಳು ಕೇಳಿದರೆ ಏನು ಹೇಳಲಿ?
– ವಿಜ್ಞಾನ ಶಿಕ್ಷಕಿ, ಚಳ್ಳಕೆರೆ

ಉತ್ತರ: ಎರಡೂ ಸರಿ ಮೇಡಂ. ಮೊದಲು 40 ನಿಮಿಷದ ಲೆಕ್ಕವನ್ನು ಮಕ್ಕಳಿಂದಲೇ ಬೋರ್ಡಿನ ಮೇಲೆ ಮಾಡಿಸಿ. ಇ. ಕೋಲಿಯ ಡಿಎನ್‌ಎ ಸುಮಾರು 46 ಲಕ್ಷ ಬೇಸ್ ಜೋಡಿಗಳ (ಡಿಎನ್‌ಎ ಏಣಿಯ ಮೆಟ್ಟಿಲುಗಳ) ಉಂಗುರ. ಓರಿ-ಸಿ ಎಂಬ ಒಂದೇ ಜಾಗದಲ್ಲಿ ನಕಲು ಶುರುವಾಗಿ ಎರಡೂ ದಿಕ್ಕಿಗೆ ಹೊರಡುತ್ತದೆ. ಎಳೆಗಳು ಬಿಚ್ಚಿಕೊಂಡು ನಕಲಾಗುತ್ತ ಸಾಗುವ ಜಾಗವೇ ಕವಲು. ಒಂದೊಂದು ಕವಲಿನ ಪಾಲಿಗೆ 23 ಲಕ್ಷ. ವೇಗ ಸೆಕೆಂಡಿಗೆ ಸುಮಾರು 1,000. ಭಾಗಿಸಿದರೆ 2,300 ಸೆಕೆಂಡ್, ಅಂದರೆ ಹೆಚ್ಚುಕಡಿಮೆ 38 ನಿಮಿಷ. ನಕಲು ಮುಗಿದ ಮೇಲೆ ಕೋಶ ಒಡೆಯಲು ಇನ್ನೊಂದು 20 ನಿಮಿಷ ಬೇಕು.

ಒಳ್ಳೆಯ ಆಹಾರ, ಗಾಳಿ, 37 ಡಿಗ್ರಿ ಶಾಖ ಸಿಕ್ಕಾಗ ಕೋಶ ಒಂದು ಸುತ್ತು ಮುಗಿಯಲಿ ಎಂದು ಕಾಯುವುದೇ ಇಲ್ಲ. ಕವಲುಗಳು ಅರ್ಧ ದಾರಿಯಲ್ಲಿರುವಾಗಲೇ ಹೊಸ ಪ್ರತಿಗಳ ಓರಿ-ಸಿಯಲ್ಲಿ ಮುಂದಿನ ಸುತ್ತು ಶುರು. ಅಜ್ಜಿಕೋಶ ಹುಟ್ಟುವಾಗ ಶುರುವಾದ ನಕಲು ಮೊಮ್ಮಗಳು ಒಡೆಯುವಾಗ ಪಾಲಾಗುತ್ತದೆ. ಈ ಲೆಕ್ಕವನ್ನು 1968ರಲ್ಲಿ ಕೂಪರ್ ಮತ್ತು ಹೆಲ್ಮ್‌ಸ್ಟೆಟರ್ ಬಿಡಿಸಿಟ್ಟರು.

ಹಾಗಂತ ಮನಬಂದಾಗಲೆಲ್ಲ ಶುರು ಮಾಡಿದರೆ ಹಿಂದೆ ಬರುವ ಹೊಸ ಕವಲು ಮುಂದೆ ಸಾಗುತ್ತಿರುವ ಹಳೆಯದನ್ನು ಬೆನ್ನಟ್ಟಿ ಹಿಡಿದು ಡಿಎನ್‌ಎ ತುಂಡಾಗುತ್ತದೆ. ಅದಕ್ಕೊಂದು ತಡೆ ಇದೆ. ಆಗಷ್ಟೇ ನಕಲಾದ ಓರಿ-ಸಿಯಲ್ಲಿ ಹಳೆಯ ಎಳೆಗೆ ಮಾತ್ರ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತಿರುತ್ತದೆ. ಆ ಅರೆಗುರುತನ್ನು ಸೆಕ್-ಎ ಎಂಬ ಪ್ರೋಟೀನ್ ಹಿಡಿದು, ಸ್ವಲ್ಪ ಹೊತ್ತು ಮುಚ್ಚಿಡುತ್ತದೆ.

ಪ್ರಶ್ನೆ: ಉಂಗುರಕ್ಕೆ ತುದಿಯಿಲ್ಲ, ಸರಿ. ಆದರೆ ಎಷ್ಟೋ ಫೇಜ್‌ಗಳ ಡಿಎನ್‌ಎ ನೇರ ಎಳೆಯಲ್ಲವೇ? ಪ್ರತಿ ನಕಲಿಗೂ ತುದಿ ಸವೆಯಬೇಕಲ್ಲ?
– ಬಿ.ಎಸ್ಸಿ. ವಿದ್ಯಾರ್ಥಿ, ದಾವಣಗೆರೆ

ಉತ್ತರ: ನಕಲಿನ ನಡುಭಾಗ ಎಲ್ಲರಿಗೂ ಒಂದೇ, ಜಾಣತನ ಕಾಣುವುದು ತುದಿಯಲ್ಲೇ. ಡಿಎನ್‌ಎ ಪಾಲಿಮರೇಸ್ (ನಕಲು ಹೆಣೆಯುವ ಕಿಣ್ವ) ಬರಿಗೈಲಿ ಶುರು ಮಾಡಲಾರದು, ಹಿಡಿಯಲು ಮೊದಲೇ ಒಂದು ತುಣುಕು ಇರಬೇಕು. ಪ್ರೈಮೇಸ್ ಎಂಬ ಕಿಣ್ವ ಹತ್ತು ಹನ್ನೆರಡು ಬೇಸಿನ ಆರ್‌ಎನ್‌ಎ ತುಣುಕು (ಪ್ರೈಮರ್) ಇಟ್ಟುಕೊಡುತ್ತದೆ. ಆಮೇಲೆ ಅದನ್ನು ಕಿತ್ತು ಡಿಎನ್‌ಎ ತುಂಬಬೇಕು. ಕಟ್ಟಕಡೆಯ ತುದಿಯಲ್ಲಿ ಕಿತ್ತರೆ ತುಂಬಲು ಹಿಂದೆ ಆಸರೆಯೇ ಇಲ್ಲ.

ಲ್ಯಾಂಬ್ಡಾ ಫೇಜ್ (48,502 ಬೇಸ್ ಜೋಡಿ) ತನ್ನೆರಡು ತುದಿಗಳಲ್ಲಿ 12 ಬೇಸಿನ ಒಂಟಿ ಎಳೆ ಬಿಟ್ಟುಕೊಂಡಿರುತ್ತದೆ. ಅವು ಒಂದಕ್ಕೊಂದು ಹೊಂದುತ್ತವೆ. ಕೋಶದೊಳಗೆ ಹೋದೊಡನೆ ತುದಿಗಳು ಕೂಡಿಕೊಂಡು ಉಂಗುರವಾಗುತ್ತವೆ. ಬೆಸುಗೆ ಹಾಕುವ ಲೈಗೇಸ್ ಬ್ಯಾಕ್ಟೀರಿಯಾದ್ದೇ. ಮೊದಲು ಉಂಗುರವಾಗಿ ನಕಲು, ಆಮೇಲೆ ನೂಲಿನ ಉಂಡೆ ಬಿಚ್ಚಿದಂತೆ ಉದ್ದದ ಸರ, ಕೊನೆಗೆ ಟರ್ಮಿನೇಸ್ ಎಂಬ ಕಿಣ್ವ ಅದನ್ನು ಸರಿಯಾದ ಜಾಗದಲ್ಲಿ ಕತ್ತರಿಸಿ ಫೇಜ್‌ನ ತಲೆಗೆ ತುಂಬುತ್ತದೆ.

ಟಿ7 ಎಂಬ ಫೇಜ್‌ನ ಎರಡೂ ತುದಿಯಲ್ಲಿ ಒಂದೇ 160 ಬೇಸ್ ಜೋಡಿಯ ಪುನರುಕ್ತಿ ಇದೆ, ಅದರ ಬಲದಿಂದ ನಕಲುಗಳು ಸರಪಳಿಯಾಗುತ್ತವೆ. ಟಿ4 ಫೇಜ್ ಇನ್ನೂ ಗಟ್ಟಿಗ: ಮುಗಿಯದೆ ಉಳಿದ ಒಂಟಿ ಎಳೆ ಇನ್ನೊಂದು ಪ್ರತಿಯೊಳಗೆ ನುಗ್ಗಿ ತಾನೇ ಪ್ರೈಮರ್ ಆಗುತ್ತದೆ. ಸೋರುವ ಜಾಗವನ್ನೇ ಬಾಗಿಲು ಮಾಡಿಕೊಂಡ ಹಾಗೆ. ಬ್ಯಾಸಿಲಸ್ ಬ್ಯಾಕ್ಟೀರಿಯಾಕ್ಕೆ ತಗಲುವ ಫೈ29 ಫೇಜ್ ಆರ್‌ಎನ್‌ಎಯನ್ನೇ ಕೈಬಿಟ್ಟಿದೆ. ಅದರ ತುದಿಗಂಟಿದ ಪ್ರೋಟೀನಿನ ಒಂದು ಸೆರೀನ್ (ಅಮೈನೋ ಆಮ್ಲ) ಮೇಲೆ ಮೊದಲ ಬೇಸ್ ಕೂರುತ್ತದೆ. ಕೀಳಲು ಏನೂ ಇಲ್ಲ, ಸವೆತವೂ ಇಲ್ಲ. ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ಅಚ್ಚುಕಟ್ಟು.

ಪ್ರಶ್ನೆ: ಸಿಪ್ರೊಫ್ಲಾಕ್ಸಸಿನ್ ಮಾತ್ರೆ ನೆಗಡಿಗೆ ಯಾಕೆ ಹತ್ತುವುದಿಲ್ಲ?
– ಓದುಗರು, ಹೊಸದುರ್ಗ

ಉತ್ತರ: ಆ ಮಾತ್ರೆ ಹಿಡಿಯುವುದು ಬ್ಯಾಕ್ಟೀರಿಯಾದ ಗೈರೇಸ್ ಎಂಬ ಕಿಣ್ವವನ್ನು. ಕವಲಿನ ಮುಂದೆ ಬಿಗಿಯುವ ತಿರುಚನ್ನು ಸಡಿಲಿಸಲು ಗೈರೇಸ್ ಡಿಎನ್‌ಎ ಕತ್ತರಿಸಿ ಮತ್ತೆ ಕೂಡಿಸುತ್ತದೆ. ಮಾತ್ರೆ ಅದನ್ನು ಕತ್ತರಿಸಿದ ಸ್ಥಿತಿಯಲ್ಲೇ ನಿಲ್ಲಿಸಿಬಿಡುತ್ತದೆ. ನೆಗಡಿಯ ವೈರಸ್‌ಗಳಿಗೆ ಗೈರೇಸ್ ಇಲ್ಲ.

ಪ್ರಶ್ನೆ: ಪ್ರಾಜೆಕ್ಟಿಗಾಗಿ ಸೂಳೆಕೆರೆ ನೀರು ತಂದು ಇ. ಕೋಲಿ ಫೇಜ್ ಹುಡುಕಿದೆವು. ಪ್ಲೇಟಿನಲ್ಲಿ ಒಂದೂ ಪ್ಲಾಕ್ (ಫೇಜ್ ಬ್ಯಾಕ್ಟೀರಿಯಾವನ್ನು ಕೊಂದ ಜಾಗದ ತಿಳಿ ಚುಕ್ಕೆ) ಬರಲಿಲ್ಲ.
– ಎಂ.ಎಸ್ಸಿ. ವಿದ್ಯಾರ್ಥಿನಿಯರು, ದಾವಣಗೆರೆ

ಉತ್ತರ: ಇ. ಕೋಲಿ ಕರುಳಿನಲ್ಲಿ ಬಾಳುವ ಜೀವಿ, ಅದರ ಫೇಜ್ ಸಿಗುವುದೂ ಚರಂಡಿ ನೀರಿನಲ್ಲೇ. ಕೈಗವಸು ಹಾಕಿಕೊಂಡು 10 ಎಂಎಲ್ ಚರಂಡಿ ನೀರಿಗೆ ಅಷ್ಟೇ ಇಮ್ಮಡಿ ಸಾಂದ್ರತೆಯ ಎಲ್‌ಬಿ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವ), 1 ಎಂಎಲ್ ಕೆ-12 (ಪ್ರಯೋಗಾಲಯದ ಇ. ಕೋಲಿ ತಳಿ) ಕಲ್ಚರ್ ಸೇರಿಸಿ, ರಾತ್ರಿಯಿಡೀ 37 ಡಿಗ್ರಿಯಲ್ಲಿ ಶೇಕರಿನಲ್ಲಿಡಿ. ಸೆಂಟ್ರಿಫ್ಯೂಜ್ ಮಾಡಿ, ತಿಳಿಯನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. 100 ಮೈಕ್ರೋಲೀಟರ್ ಸೋಸಿದ ನೀರು, 200 ಮೈಕ್ರೋಲೀಟರ್ ಹೊಸ ಕಲ್ಚರ್, 1 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಕೂಡಿಸಿ 10 ನಿಮಿಷ ಬಿಟ್ಟು, 0.7% ಅಗರ್ 3 ಎಂಎಲ್‌ನಲ್ಲಿ ಬೆರೆಸಿ ಸುರಿಯಿರಿ. ಅಗರ್ 45 ಡಿಗ್ರಿ ಇರಲಿ. 50 ದಾಟಿದರೆ ಬ್ಯಾಕ್ಟೀರಿಯಾ ಬೇಯುತ್ತದೆ.

ನಿನ್ನೆಯ ಕಲ್ಚರ್ ಹಾಕಬೇಡಿ. ಬೆಳವಣಿಗೆ ನಿಂತ ಕೋಶದಲ್ಲಿ ನಕಲಿನ ಯಂತ್ರವೂ ಕಚ್ಚಾ ಮಾಲೂ ಸಾಲದೆ ಬಹುತೇಕ ಫೇಜ್‌ಗಳು ಹುಟ್ಟುವುದೇ ಇಲ್ಲ. ಓಡಿ (ಕಲ್ಚರ್ ಎಷ್ಟು ಮಬ್ಬಾಗಿದೆ ಎಂಬ ಅಳತೆ) 0.3ರಿಂದ 0.5ರ ನಡುವೆ ಇರುವಾಗಲೇ ತೆಗೆದುಕೊಳ್ಳಿ. ಜೊತೆಗೆ ಫೇಜ್ ಹಾಕದ ಒಂದು ಪ್ಲೇಟ್ ಇಡಿ. ಅದರಲ್ಲಿ ಬ್ಯಾಕ್ಟೀರಿಯಾದ ಹಾಸು ಏಳದಿದ್ದರೆ ದೋಷ ಅಗರಿನದೋ ಕಲ್ಚರಿನದೋ, ನೀರಿನದಲ್ಲ.