ಹಲ್ಲಿಗೆ ಕ್ಲಿಪ್ ಹಾಕಿಸಿದ್ದೇನೆ. ಬ್ರಷ್ ಮಾಡುವುದು ಹೇಗೆ, ಏನು ತಿನ್ನಬಾರದು?

ಕೊಳೆ ಹೆಚ್ಚು ಕೂರುವುದು ಹಲ್ಲಿಗೆ ಅಂಟಿಸಿದ ಚಿಕ್ಕ ತುಂಡಾದ ಬ್ರಾಕೆಟ್‌ಗೂ ಒಸಡಿಗೂ ನಡುವಿನ ಸಂದಿಯಲ್ಲಿ. ಅಲ್ಲಿನ ಬ್ಯಾಕ್ಟೀರಿಯಾ ಬಿಡುವ ಆಮ್ಲ ಹಲ್ಲಿನ ಹೊರಪದರವಾದ ಎನಾಮಲ್‌ನ ಕ್ಯಾಲ್ಸಿಯಂ ಕರಗಿಸುತ್ತದೆ. ನಾಲ್ಕೈದು ವಾರ ಅಸಡ್ಡೆ ಮಾಡಿದರೂ ಬ್ರಾಕೆಟ್ ಸುತ್ತ ಸುಣ್ಣ ಹಚ್ಚಿದಂಥ ಬಿಳಿ ಕಲೆ ಬೀಳಬಹುದು. ಕ್ಲಿಪ್ ತೆಗೆದ ಮೇಲೂ ಅದು ಪೂರ್ತಿ ಹೋಗುವುದು ಕಷ್ಟ.

ಹಾಗಾಗಿ ಮೊದಲು ಬ್ರಷ್ಷನ್ನು 45 ಡಿಗ್ರಿ ಓರೆಯಾಗಿ ಒಸಡಿನ ಕಡೆಯಿಂದ ಬ್ರಾಕೆಟ್‌ನ ಮೇಲಂಚಿಗೆ ಹಿಡಿಯಿರಿ, ಆಮೇಲೆ ಕೆಳಗಂಚಿಗೆ. ತಂತಿಯ ಅಡಿಗೆ ಸಂದಿಗೆಂದೇ ಇರುವ ಪುಟ್ಟ ಇಂಟರ್‌ಡೆಂಟಲ್ ಬ್ರಷ್ ತೂರಿಸಿ. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಫ್ಲೋರೈಡ್ ಕನಿಷ್ಠ 1000 ಪಿಪಿಎಂ ಇರುವ ಪೇಸ್ಟ್ ಬಳಸಿ. ರಾತ್ರಿಯ ಬ್ರಷ್ ಮಾತ್ರ ತಪ್ಪಿಸಲೇಬೇಡಿ.

ನಿಪ್ಪಟ್ಟು, ಕೋಡುಬಳೆ, ಚಿಕ್ಕಿ, ಕಬ್ಬು ಬೇಡ: ಬ್ರಾಕೆಟ್ ಕಿತ್ತು ಬರುತ್ತದೆ. ಸೀಬೆಕಾಯಿ ಕಚ್ಚದೆ ಹೆಚ್ಚಿಕೊಂಡು ತಿನ್ನಿ. ದರ್ಶಿನಿಯ ಇಡ್ಲಿ, ಬಿಸಿಬೇಳೆಬಾತ್‌ಗೆ ಅಡ್ಡಿಯಿಲ್ಲ. ಅರಿಶಿನಕ್ಕೆ ತಂತಿ ಹಿಡಿದಿಡುವ ಬಿಳಿ ರಬ್ಬರ್ ಹಳದಿಯಾಗುತ್ತದೆ, ಮುಂದಿನ ಭೇಟಿಯಲ್ಲಿ ಹೇಗೂ ಬದಲಾಯಿಸುತ್ತಾರೆ.

ತಂತಿ ಕೆನ್ನೆಗೆ ಚುಚ್ಚಿದರೆ ಆ ಜಾಗ ಒರೆಸಿ ಒಣಗಿಸಿ, ಕಡಲೆಬೇಳೆಯಷ್ಟು ಆರ್ಥೋ ವ್ಯಾಕ್ಸ್ (ಕ್ಲಿಪ್ಪಿಗೆ ಹಚ್ಚುವ ಮೇಣ) ಉಂಡೆ ಮಾಡಿ ಒತ್ತಿ. ಒದ್ದೆ ಇದ್ದರೆ ಅಂಟುವುದಿಲ್ಲ. ಬ್ರಾಕೆಟ್ ಕಳಚಿದ್ದರೆ ತಿಂಗಳ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಕ್ಲಿನಿಕ್‌ಗೆ ಫೋನ್ ಮಾಡಿ.