ದೊಡ್ಡ ಕರುಳಿನ ಕ್ಯಾನ್ಸರ್ ಊಟದಿಂದ ಬರುತ್ತಾ? ಚಿಕಿತ್ಸೆ ಮುಗಿದ ಮಾವನಿಗೆ ಈಗ ಪಥ್ಯ ಏನು?

ಊಟವೊಂದೇ ಕಾರಣ ಅಲ್ಲ. ವಯಸ್ಸು, ಕುಟುಂಬದಲ್ಲಿ ಯಾರಿಗಾದರೂ ಇದ್ದದ್ದು ಕೂಡ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಮಾವ ಕುಂಬಳೆ ಪೇಟೆಯಲ್ಲಿ ತಿಂದ ಪರೋಟ-ಬೀಫಿನ ಮೇಲೆ ಎಲ್ಲ ತಪ್ಪು ಹೊರಿಸಬೇಡಿ. ಹಾಗಂತ ಊಟಕ್ಕೆ ಸಂಬಂಧವೇ ಇಲ್ಲ ಅಂತಲೂ ಅಲ್ಲ. ಸಾಸೇಜ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸ ದಿನಾ 50 ಗ್ರಾಂ ತಿಂದರೆ ಅಪಾಯ ಸುಮಾರು ಶೇ. 18 ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಹೇಳಿತು. ದನ, ಆಡಿನ ಮಾಂಸದ ಮೇಲೆ ಅನುಮಾನ ಬಲವಾಗಿದೆ. ಬೊಜ್ಜು, ಬೀಡಿ, ಕುಡಿತವೂ ಕೆಟ್ಟವೇ. ಬಂಗುಡೆ ಸಾರಿಗೆ ಹೆದರಬೇಕಿಲ್ಲ.

ನಾರಿನಂಶ ಕಾಪಾಡುತ್ತದೆ. ಪಾಲಿಶ್ ಮಾಡದ ಕೆಂಪು ಕುಚ್ಚಲಕ್ಕಿ, ಅಲಸಂಡೆ, ಹರಿವೆ, ಬಾಳೆದಿಂಡಿನ ಪಲ್ಯ ನಮ್ಮಲ್ಲಿ ಇದ್ದೇ ಇದೆ ಅಲ್ವಾ? ಆಪರೇಷನ್ ಆದ ಹೊಸತಿನಲ್ಲಿ ಮಾತ್ರ ನಾರು ಎಷ್ಟು ಅಂತ ಡಾಕ್ಟರನ್ನು ಕೇಳಿಯೇ ಕೊಡಿ.

ನನ್ನ ಪ್ರಕಾರ ಪಥ್ಯಕ್ಕಿಂತ ನಡಿಗೆಗೆ ಗಮನ ಕೊಡಿ. 2025ರಲ್ಲಿ ಪ್ರಕಟವಾದ ಚಾಲೆಂಜ್ ಅಧ್ಯಯನದಲ್ಲಿ ಆಪರೇಷನ್, ಕೀಮೋ ಮುಗಿಸಿದ 889 ಮಂದಿ ಇದ್ದರು. ತರಬೇತುದಾರರ ಜೊತೆ 3 ವರ್ಷ ವ್ಯಾಯಾಮದ ಕಾರ್ಯಕ್ರಮದಲ್ಲಿದ್ದವರಲ್ಲಿ 8 ವರ್ಷದ ಬಳಿಕ ಶೇ. 90 ಮಂದಿ ಬದುಕಿದ್ದರು. ಸುಮ್ನೆ ಆರೋಗ್ಯದ ಪುಸ್ತಿಕೆ ಪಡೆದವರಲ್ಲಿ ಶೇ. 83. ವಾರಕ್ಕೆ ಮೂರ್ನಾಲ್ಕು ಸಲ ಮುಕ್ಕಾಲು ಗಂಟೆ ಬಿರುಸಾಗಿ ನಡೆದರೂ ಆಯಿತು. ತೋಟದಲ್ಲಿ ಅಡಿಕೆ ಹೆಕ್ಕುತ್ತಾ ನಿಧಾನಕ್ಕೆ ಓಡಾಡುವುದು ಇದಕ್ಕೆ ಸೇರುವುದಿಲ್ಲ!

ಇನ್ನೊಂದು: ಮಾವನ ಮಕ್ಕಳು, ಒಡಹುಟ್ಟಿದವರು 40ಕ್ಕೇ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಬಗ್ಗೆ ಡಾಕ್ಟರ ಹತ್ತಿರ ಮಾತಾಡಲಿ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಅಂದುಕೊಂಡು ನಾಟಿಮದ್ದು ಮಾಡುತ್ತಾ ಕೂರಬೇಡಿ.